ಉತ್ತರ ಸರಿ ಇತ್ತು, ಬಾಯಿ ಮುಚ್ಚಿತ್ತು

ನನ್ನ ಮೊದಲ ಕೋಡಿಂಗ್ ಇಂಟರ್‌ವ್ಯೂನಲ್ಲಿ ಉತ್ತರ ಸರಿ ಬಂದಿತ್ತು. ಆದರೂ ಫೇಲಾದೆ.

ಪ್ರಶ್ನೆ ಗೊತ್ತಿದ್ದದ್ದೇ. ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಕೊಡ್ತಾರೆ, ಅದರಲ್ಲಿ ಯಾವ ಅಕ್ಷರವೂ ಎರಡು ಸಲ ಬರದಂಥ ಅತಿ ಉದ್ದದ ತುಂಡು ಹುಡುಕಬೇಕು. ಸ್ಲೈಡಿಂಗ್ ವಿಂಡೋ ಹಾಕಿದರೆ, ಅಂದರೆ ತುಂಡಿನ ಎರಡು ತುದಿಗಳನ್ನು ಮುಂದೆ ಸರಿಸುತ್ತಾ ಹೋದರೆ, ಮುಗೀತು. ನಾನು ತಲೆ ತಗ್ಗಿಸಿ ಇಪ್ಪತ್ತು ನಿಮಿಷ ಸುಮ್ನೆ ಟೈಪ್ ಮಾಡಿದೆ. ಆ ಕಡೆಯವರು ಮೂರು ಸಲ ‘ಏನು ಯೋಚಿಸ್ತಾ ಇದ್ದೀರಿ?’ ಅಂತ ಕೇಳಿದರು. ಮೂರು ಸಲವೂ ‘ಒಂದು ನಿಮಿಷ ಸರ್’ ಅಂದೆ. ನಾಲ್ಕನೇ ಸಲ ಅವರು ಕೇಳಲಿಲ್ಲ. ವಾರದ ಮೇಲೆ ಬೇಡ ಅಂತ ಮೇಲ್ ಬಂತು.

ಆಗ ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರೂಮ್ ಮಾಡಿಕೊಂಡಿದ್ದೆ. ಡಿಗ್ರಿ ಮುಗಿದಿತ್ತು, ಕ್ಯಾಂಪಸ್‌ನಲ್ಲಿ ಕೆಲಸ ಆಗಿರಲಿಲ್ಲ. ಲೀಟ್‌ಕೋಡ್ ಅನ್ನೋ ಕೋಡಿಂಗ್ ಅಭ್ಯಾಸದ ವೆಬ್‌ಸೈಟ್‌ನಲ್ಲಿ ದಿನಕ್ಕೆ ಆರೇಳು ಪ್ರಶ್ನೆ ಬಿಡಿಸುತ್ತಿದ್ದೆ. ಹದಿನೈದು ನಿಮಿಷದಲ್ಲಿ ಹೊಳೆಯದಿದ್ದರೆ ಉತ್ತರ ನೋಡೋದು, ಅರ್ಥ ಆಯ್ತು ಅಂದುಕೊಂಡು ಮುಂದೆ ಹೋಗೋದು. ಲೆಕ್ಕ ಮಾತ್ರ ಏರುತ್ತಿತ್ತು. ತಿಂಗಳ ಹಿಂದೆ ಬಿಡಿಸಿದ್ದನ್ನು ಮತ್ತೆ ಕೊಟ್ಟರೆ ಕೈ ನಡುಗುತ್ತಿತ್ತು.

ಮೇಲ್ ಬಂದ ಮೇಲೆ ರೂಮ್ ಖಾಲಿ ಮಾಡಿ ಮುಧೋಳದ ಹತ್ತಿರ ನಮ್ಮ ಊರಿಗೆ ಬಂದೆ. ಬಾಡಿಗೆ ಉಳೀತು, ಅಷ್ಟೇ ಕಾರಣ. ಆದರೆ ಅಲ್ಲೇ ನನ್ನ ತಯಾರಿ ದಾರಿಗೆ ಬಂತು.

ಮೊದಲು ಕಲಿತದ್ದು ಇನ್‌ಪುಟ್, ಅಂದರೆ ಪ್ರೋಗ್ರಾಮಿಗೆ ಕೊಡುವ ಮಾಹಿತಿ, ಎಷ್ಟು ದೊಡ್ಡದು ಅಂತ ನೋಡೋದು. ಜಾವಾದಂಥ ಭಾಷೆಯಲ್ಲಿ ಸೆಕೆಂಡಿಗೆ ಸುಮಾರು ಹತ್ತು ಕೋಟಿ ಸಣ್ಣ ಹೆಜ್ಜೆ ಅಂತ ಒಂದು ಅಂದಾಜು ಇಟ್ಟುಕೊಂಡೆ. ಇನ್‌ಪುಟ್‌ನಲ್ಲಿ 1 ಲಕ್ಷ ಸಂಖ್ಯೆ ಇದ್ದು, ಒಂದರೊಳಗೊಂದು ಲೂಪ್ ಹಾಕಿದರೆ, ಅಂದರೆ ಪ್ರತಿ ಸಂಖ್ಯೆಗೂ ಮತ್ತೆ ಎಲ್ಲ ಸಂಖ್ಯೆ ನೋಡಿದರೆ, 1,000 ಕೋಟಿ ಹೆಜ್ಜೆ. ನೂರು ಸೆಕೆಂಡು ಹೋಯ್ತು. ಅಲ್ಲಿಗೆ ಎರಡು ಲೂಪಿನ ಯೋಚನೆ ಬಿಡಬೇಕು. ಸಾರ್ಟಿಂಗ್ (ಕ್ರಮವಾಗಿ ಜೋಡಿಸೋದು), ಹ್ಯಾಶ್‌ಮ್ಯಾಪ್ (ಬೇಕಾದ್ದನ್ನು ಬೇಗ ಹುಡುಕಿಕೊಡುವ ಪಟ್ಟಿ), ಬೈನರಿ ಸರ್ಚ್ (ಕ್ರಮವಾಗಿರುವ ಸಾಲಿನಲ್ಲಿ ಪ್ರತಿಸಲ ಅರ್ಧ ಬಿಟ್ಟು ಹುಡುಕೋದು), ಇವುಗಳಲ್ಲಿ ಯಾವುದೋ ಒಂದು ಬೇಕು. ಸಂಖ್ಯೆ ಬರೀ 20 ಇದ್ದರೆ ಕಥೆ ಬೇರೆ. ಅವುಗಳ ಎಲ್ಲ ಗುಂಪುಗಳನ್ನೂ ನೋಡಿದರೂ ಹತ್ತೂವರೆ ಲಕ್ಷದ ಒಳಗೇ ಮುಗಿಯುತ್ತೆ. ಇಂಟರ್‌ವ್ಯೂನಲ್ಲಿ ಈ ಅಂಕಿ ಅವರಾಗೇ ಹೇಳೋದು ಕಡಿಮೆ, ಬಾಯಿ ಬಿಟ್ಟು ಕೇಳಬೇಕು. ನಾನು ಕೇಳಿರಲೇ ಇಲ್ಲ.

ಒಂದು ಪ್ರಶ್ನೆ ವಾರಗಟ್ಟಲೆ ಕಾಡಿತು. ಸಾಲಾಗಿ ಇಟ್ಟ ಪೆಟ್ಟಿಗೆಗಳನ್ನು ಇಂತಿಷ್ಟು ದಿನದೊಳಗೆ ಹಡಗಿನಲ್ಲಿ ಸಾಗಿಸಬೇಕು, ಹಡಗು ಕನಿಷ್ಠ ಎಷ್ಟು ಭಾರ ಹೊರಬೇಕು? ಉತ್ತರದಲ್ಲಿ ‘ಬೈನರಿ ಸರ್ಚ್’ ಅಂತ ಬರೆದಿತ್ತು. ಸಾರ್ಟ್ ಮಾಡಿದ ಪಟ್ಟಿಯೇ ಇಲ್ಲ, ಬೈನರಿ ಸರ್ಚ್ ಎಲ್ಲಿಂದ ಬಂತು?

ಕಬ್ಬು ಕಡಿಯುವ ಸೀಜನ್ ಅದು. ಪಡಸಾಲೆಯಲ್ಲಿ ಕೂತು ಗೊಣಗುತ್ತಿದ್ದೆ. ಅಪ್ಪ ಕೇಳಿದ, “ಏನ್ ಯವ್ವಾ, ಒಬ್ಬಾಕಿನ ಮಾತಾಡಾಕತ್ತಿ?” ಅಪ್ಪನಿಗೆ ಹಡಗಿನ ಕಥೆ ಯಾಕೆ ಅಂತ ಕಬ್ಬಿಗೆ ತಿರುಗಿಸಿ ಹೇಳಿದೆ. ಐದು ತುಂಡು ಹೊಲ. ಇಳುವರಿ 3, 5, 2, 7, 4 ಟನ್. ಪಾಳಿ ತಪ್ಪಿಸುವಂತಿಲ್ಲ. ಒಂದು ಹೊಲದ ಕಬ್ಬನ್ನು ಎರಡು ದಿನಕ್ಕೆ ಹಂಚುವಂತಿಲ್ಲ. ದಿನಕ್ಕೆ ಒಂದೇ ಖೇಪು. ಮೂರು ದಿನದಲ್ಲಿ ಮುಗೀಬೇಕಾದರೆ ಟ್ರೇಲರ್ ಎಷ್ಟು ಟನ್ನಿನದು ಬೇಕು?

“ಏಳಕ್ಕಿಂತ ಸಣ್ಣದು ನಡಿಯಂಗಿಲ್ಲ, ಆ ದೊಡ್ಡ ಹೊಲದ್ದು ಹಿಡಿಯೂದಿಲ್ಲ. ಇಪ್ಪತ್ತೊಂದಿದ್ರ ಒಂದ ದಿನದಾಗ ಮುಗೀತು. ನಡುವಿಂದೊಂದು ಹಿಡದು ನೋಡು. ಆತಂದ್ರ ಸಣ್ಣದು ಮಾಡು, ಆಗಲಿಲ್ಲಂದ್ರ ದೊಡ್ಡದು ಮಾಡು. ಇದರಾಗ ಏನೈತಿ?”

ಏನೈತಿ ಅಂದರೆ, ಅದೇ ಬೈನರಿ ಸರ್ಚ್! ಹುಡುಕಬೇಕಾದ್ದು ಪಟ್ಟಿಯಲ್ಲಿ ಅಲ್ಲ, ಉತ್ತರಗಳ ಸಾಲಿನಲ್ಲಿ. 7ರಿಂದ 21. ನಡುವೆ 14: ಎರಡೇ ದಿನ ಸಾಕು, ಇನ್ನೂ ಸಣ್ಣದು ನೋಡಬಹುದು. 10: ಮೂರು ದಿನ, ಆಯ್ತು. 8: ನಾಲ್ಕು ದಿನ ಬೇಕು, ಆಗಲ್ಲ. 9: ಮೂರು ದಿನ. ಉತ್ತರ 9. ಇಂತಿಷ್ಟು ಟನ್ನಿನ ಟ್ರೇಲರ್‌ನಲ್ಲಿ ಆಗುತ್ತೆ ಅಂದರೆ ಅದಕ್ಕಿಂತ ದೊಡ್ಡದರಲ್ಲೂ ಆಗೇ ಆಗುತ್ತೆ, ಹಾಗಾಗಿ ಪ್ರತಿಸಲ ಅರ್ಧ ಸಾಲು ಬಿಟ್ಟುಬಿಡಬಹುದು. 50,000 ಪೆಟ್ಟಿಗೆ, ಒಂದೊಂದೂ 500ರಷ್ಟು ಭಾರ ಅಂದುಕೊಳ್ಳಿ. ಮೊತ್ತ ಎರಡೂವರೆ ಕೋಟಿ. ಅಷ್ಟೂ ಉತ್ತರಗಳ ನಡುವೆ ಹುಡುಕೋಕೆ 25 ಸಲ ನೋಡಿದರೆ ಸಾಕು.

ಅವತ್ತಿನಿಂದ ಯಾವ ಪ್ರಶ್ನೆಯನ್ನೂ ಮೊದಲು ಕನ್ನಡದಲ್ಲಿ ಬಾಯಿ ಬಿಟ್ಟು ಹೇಳುವುದು ರೂಢಿಯಾಯಿತು. ಹೇಳೋಕೆ ಬರದಿದ್ದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಿ ಫೋನ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಕೇಳುವಾಗ ನಾಚಿಕೆ ಆಗುತ್ತಿತ್ತು. ಅರ್ಧ ವಾಕ್ಯ, ಉದ್ದ ಮೌನ, ನಡುನಡುವೆ ಎಮ್ಮೆ ಕೂಗು. ನನ್ನ ತೊಡಕು ಇಂಗ್ಲಿಷ್ ಅಂತ ಅಂದುಕೊಂಡಿದ್ದೆ. ರೆಕಾರ್ಡ್ ಕೇಳಿದಾಗ ತಿಳೀತು, ಕನ್ನಡದಲ್ಲೂ ನಾನು ಅಲ್ಲೇ ತಡವರಿಸುತ್ತಿದ್ದೆ.

ಇನ್ನೊಂದು, ತಪ್ಪಿನ ವಹಿ. ಕೋಡ್ ಬರೆದಿಡುವ ವಹಿಯಲ್ಲ. ಎಲ್ಲಿ ಎಡವಿದೆ ಅಂತ ಒಂದೊಂದೇ ಸಾಲು. ಜಾವಾದಲ್ಲಿ ಎರಡು ಇಂಟೀಜರ್ ಆಬ್ಜೆಕ್ಟ್‌ಗಳನ್ನು ಡಬಲ್ ಈಕ್ವಲ್ ಹಾಕಿ ಹೋಲಿಸಿದ್ದೆ. ಸಣ್ಣ ಟೆಸ್ಟ್ ಎಲ್ಲಾ ಪಾಸ್, ದೊಡ್ಡ ಸಂಖ್ಯೆ ಬಂದ ಕೂಡಲೇ ತಪ್ಪು. ಮೈನಸ್ 128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟು ಅವನ್ನೇ ಮತ್ತೆ ಮತ್ತೆ ಕೊಡುತ್ತೆ, ಅದಕ್ಕೇ ಅಲ್ಲಿವರೆಗೆ ಸರಿ ಕಾಣುತ್ತೆ. ಡಬಲ್ ಈಕ್ವಲ್ ನೋಡೋದು ಎರಡೂ ಒಂದೇ ಆಬ್ಜೆಕ್ಟಾ ಅಂತ. ಒಳಗಿನ ಸಂಖ್ಯೆ ಹೋಲಿಸೋಕೆ ‘ಈಕ್ವಲ್ಸ್’ ಬಳಸಬೇಕು. ಹೀಗೇ, ಬೈನರಿ ಸರ್ಚ್‌ನಲ್ಲಿ ಎರಡು ತುದಿ ಕೂಡಿಸಿ ಎರಡರಿಂದ ಭಾಗಿಸಿದರೆ ಮೊತ್ತ ಸುಮಾರು 214 ಕೋಟಿ ದಾಟಿದಾಗ ಮೈನಸ್‌ಗೆ ತಿರುಗುತ್ತೆ, ಜಾವಾದ ‘ಇಂಟ್’ನಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆ ಹಿಡಿಯಲ್ಲ. ಇದೇ ತಪ್ಪು ಜಾವಾದ ಸ್ವಂತ ಲೈಬ್ರರಿಯಲ್ಲೂ ವರ್ಷಗಟ್ಟಲೆ ಕೂತಿತ್ತಂತೆ, 2006ರಲ್ಲಿ ಬಯಲಾಯಿತು. ಓದಿ ಸಮಾಧಾನ ಆಯ್ತು. ವಹಿಯಲ್ಲಿ ಬರೆದ ಪ್ರಶ್ನೆಯನ್ನು ಮೂರು ದಿನ ಆದ ಮೇಲೆ ಒಮ್ಮೆ, ಹದಿನೈದು ದಿನ ಆದ ಮೇಲೆ ಮತ್ತೊಮ್ಮೆ, ಏನೂ ನೋಡದೆ ಬರೆಯುತ್ತಿದ್ದೆ. ಕರೆಂಟ್ ಹೋದಾಗ ಹಾಳೆ ಮೇಲೆ. ಕೆಲವು ಕಡೆ ಇಂಟರ್‌ವ್ಯೂನಲ್ಲಿ ಕೋಡ್ ರನ್ ಮಾಡೋಕೇ ಬಿಡಲ್ಲ, ಹಾಗಾಗಿ ಆ ಹಾಳೆಯೇ ಜಾಸ್ತಿ ಕೆಲಸಕ್ಕೆ ಬಂತು.

ಡೈನಾಮಿಕ್ ಪ್ರೋಗ್ರಾಮಿಂಗ್ (ಸಣ್ಣ ಲೆಕ್ಕಗಳ ಉತ್ತರ ಇಟ್ಟುಕೊಂಡು ದೊಡ್ಡದನ್ನು ಬಿಡಿಸೋದು) ಮಾತ್ರ ನನಗೆ ಒಲಿಯಲೇ ಇಲ್ಲ. ಮೆಟ್ಟಿಲು ಹತ್ತುವ ಲೆಕ್ಕ, ಚಿಲ್ಲರೆ ಲೆಕ್ಕ, ಇಂಥ ಹತ್ತು ಹನ್ನೆರಡು ಕಲಿತು ಅಲ್ಲಿಗೇ ನಿಲ್ಲಿಸಿದೆ. ಆ ಹೊತ್ತನ್ನು ಟ್ರೀ, ಗ್ರಾಫ್ ಥರದ ಬೇರೆ ಪ್ರಶ್ನೆಗಳಿಗೆ ಕೊಟ್ಟೆ. ಅದೇ ಸರಿ ಅಂತ ನನಗೆ ಈಗಲೂ ಅನ್ನಿಸುತ್ತೆ.

ಶನಿವಾರ ಸಂಜೆ ವಿಜಯಪುರದ ಗೆಳತಿ ಫೋನ್‌ನಲ್ಲಿ ಇಂಟರ್‌ವ್ಯೂ ಮಾಡುತ್ತಿದ್ದಳು. 45 ನಿಮಿಷ, ಗಡಿಯಾರ ಇಟ್ಟು. ನಾನು ಹತ್ತು ಸೆಕೆಂಡ್ ಸುಮ್ಮನಾದರೂ ಬೈಗುಳ. “ನಮ್ಮ ಗೋಳಗುಮ್ಮಟದಾಗ ಪಿಸುಗುಟ್ಟಿದ್ರೂ ಕೇಳತೈತಿ. ನೀ ಕಿವ್ಯಾಗ ಫೋನ್ ಇಟ್ಕೊಂಡ್ರೂ ಕೇಳವಲ್ದು!”

ಐದು ತಿಂಗಳಲ್ಲಿ ನಾನು ಬಿಡಿಸಿದ್ದು 180ರಷ್ಟು ಪ್ರಶ್ನೆ. ವಿದ್ಯಾಗಿರಿಯ ಎರಡೇ ತಿಂಗಳಲ್ಲಿ ಇದಕ್ಕಿಂತ ಜಾಸ್ತಿ ಆಗಿತ್ತು.

ಮುಂದಿನ ಇಂಟರ್‌ವ್ಯೂನಲ್ಲಿ ಮೀಟಿಂಗ್‌ಗಳ ಪಟ್ಟಿ ಕೊಟ್ಟು, ಹೊತ್ತು ಒಂದರ ಮೇಲೊಂದು ಬರುವುದನ್ನು ಕೂಡಿಸಿ ಒಂದೇ ಮಾಡಿ ಅಂದರು. ಕೀಬೋರ್ಡ್ ಮುಟ್ಟುವ ಮೊದಲು ಕೇಳಿದೆ: ಒಂದು ಹತ್ತು ಗಂಟೆಗೆ ಮುಗಿದು ಇನ್ನೊಂದು ಹತ್ತಕ್ಕೇ ಶುರುವಾದರೆ ಕೂಡಿಸಬೇಕಾ? ಪಟ್ಟಿ ಸಾರ್ಟ್ ಆಗಿರುತ್ತಾ? ಮೊದಲು ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸುವ ನಿಧಾನದ ದಾರಿ ಹೇಳಿದೆ. ಅದು ಯಾಕೆ ಬೇಡ ಅಂತಲೂ ಹೇಳಿದೆ. ಶುರುವಾಗುವ ಹೊತ್ತಿನ ಪ್ರಕಾರ ಸಾರ್ಟ್ ಮಾಡುವುದಕ್ಕೆ ಬಂದೆ. ನಡುವೆ ಒಂದು ಕಡೆ ತಪ್ಪಿದೆ. ಒಂದು ಮೀಟಿಂಗ್ ಇನ್ನೊಂದರ ಹೊಟ್ಟೆಯೊಳಗೇ ಇದ್ದರೆ ಮುಗಿಯುವ ಹೊತ್ತು ಯಾವುದು ಅಂತ ನೋಡಿರಲಿಲ್ಲ. ನಾನು ಜೋರಾಗಿ ಹೇಳುತ್ತಲೇ ಇದ್ದೆನಲ್ಲ, ಅವರೇ “ಇನ್ನೊಂದು ಉದಾಹರಣೆ ಹಾಕಿ ನೋಡಿ” ಅಂದರು. ಹಾಕಿದೆ, ಸಿಕ್ಕಿತು. ಅದಾದ ಮೇಲೆ ಇನ್ನೂ ಎರಡು ರೌಂಡ್ ಇದ್ದವು. ಒಂದರಲ್ಲಿ ಡೈನಾಮಿಕ್ ಪ್ರೋಗ್ರಾಮಿಂಗ್ ಬಂತು, ಅರ್ಧಕ್ಕೇ ನಿಂತೆ. ಆದರೂ ತೊಗೊಂಡರು.

ಆಫರ್ ಬಂದ ದಿನ ಅಪ್ಪನ ಮೊದಲ ಪ್ರಶ್ನೆ, “ಕಬ್ಬಿನ ಲೆಕ್ಕ ಕೇಳಿದ್ರೇನು?”

“ಇಲ್ಲಪ್ಪಾ, ಮೀಟಿಂಗಿಂದು ಕೇಳಿದ್ರು.”

ಅಪ್ಪನಿಗೆ ಸ್ವಲ್ಪ ಬೇಜಾರಾಯಿತು.