ಪೋರ್ಟಬಲ್ ಹೆಡ್‌ಫೋನ್ ಆಂಪ್ ಬೇಕೋ ಬೇಡವೋ: ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಹೆಡ್‌ಫೋನ್ ಆಂಪ್ (ಆಂಪ್ಲಿಫೈಯರ್, ಸಿಗ್ನಲಿಗೆ ಬಲ ತುಂಬುವ ಸಾಧನ) ಮಾಡುವ ಕೆಲಸ ಎರಡೇ. ಹೆಡ್‌ಫೋನಿಗೆ ಬೇಕಾದಷ್ಟು ವೋಲ್ಟೇಜ್ ಒದಗಿಸುವುದು ಒಂದು. ಕರೆಂಟ್ ಎಳೆದಾಗ ಆ ವೋಲ್ಟೇಜ್ ಕುಸಿಯದಂತೆ ನೋಡಿಕೊಳ್ಳುವುದು ಇನ್ನೊಂದು. ನಿಮ್ಮ ಫೋನೋ ಲ್ಯಾಪ್‌ಟಾಪೋ ಇವೆರಡನ್ನೂ ಈಗಾಗಲೇ ಮಾಡುತ್ತಿದ್ದರೆ, ನಡುವೆ ಇನ್ನೊಂದು ಡಬ್ಬಿ ಸೇರಿಸಿದ್ದಕ್ಕೆ ಸಿಗುವುದು ಚಾರ್ಜ್ ಮಾಡಬೇಕಾದ ಮತ್ತೊಂದು ಸಾಮಾನು ಮಾತ್ರ. ಮಾಡದಿದ್ದರೆ ಆಂಪ್ ನಿಜಕ್ಕೂ ಬೇಕು. ಯಾವುದು ನಿಮ್ಮ ಸ್ಥಿತಿ ಎಂಬುದನ್ನು ಕಿವಿಯಿಂದ ಊಹಿಸುವ ಅಗತ್ಯವಿಲ್ಲ, ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು.

ಲೆಕ್ಕಕ್ಕೂ ಮುಂಚೆ

ಬ್ಲೂಟೂತ್‌ನಲ್ಲಿ ಕೇಳುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಬ್ಲೂಟೂತ್ ಹೆಡ್‌ಫೋನಿನ ಆಂಪ್ ಅದರ ಒಳಗೇ ಇರುತ್ತದೆ, ಹೊರಗಿನದನ್ನು ಸೇರಿಸಲು ದಾರಿಯಿಲ್ಲ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್‌ಗಳಲ್ಲಿ ಹಲವು, ವೈರ್ ಚುಚ್ಚಿದಾಗಲೂ, ಆನ್ ಆಗಿರುವಷ್ಟು ಹೊತ್ತು ಒಳಗಿನ ಆಂಪ್ ಮೂಲಕವೇ ನುಡಿಯುತ್ತವೆ. ಅವಕ್ಕೂ ಹೊರಗಿನ ಆಂಪ್ ದಂಡ.

ಸದ್ದು ಸಾಲದು ಎಂಬುದೇ ದೂರಾದರೆ ಮೊದಲು ಫೋನಿನ ಸೆಟ್ಟಿಂಗ್ ತೆರೆಯಿರಿ. ಐಫೋನ್‌ನಲ್ಲಿ ಜೋರು ಸದ್ದನ್ನು ತಗ್ಗಿಸುವ ಆಯ್ಕೆ ಇದೆ, ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಮೀಡಿಯಾ ವಾಲ್ಯೂಮ್ ಮಿತಿ ಇದೆ. ಹಾಡಿನ ಆ್ಯಪ್‌ಗಳಲ್ಲೂ ಎಲ್ಲ ಹಾಡುಗಳನ್ನು ಒಂದೇ ಮಟ್ಟಕ್ಕೆ ತರುವ ಆಯ್ಕೆ ಇರುತ್ತದೆ. ಅದು ಕೆಲವು ಹಾಡುಗಳ ಸದ್ದನ್ನು ಗಮನಕ್ಕೆ ಬರುವಷ್ಟು ಇಳಿಸುತ್ತದೆ. ಇವನ್ನೆಲ್ಲ ಆಫ್ ಮಾಡಿ ಮತ್ತೊಮ್ಮೆ ಕೇಳಿ.

ಬೇಸ್ ಸಾಲದು ಎಂಬುದು ದೂರಾದರೆ ಇಯರ್‌ಫೋನಿನ ರಬ್ಬರ್ ಟಿಪ್ ಬದಲಿಸಿ ನೋಡಿ. ಟಿಪ್ ಕಿವಿಯ ಕಾಲುವೆಗೆ ಸರಿಯಾಗಿ ಕೂರದೆ ಗಾಳಿ ಸೋರಿದರೆ ಮೊದಲು ಮಾಯವಾಗುವುದೇ ಬೇಸ್. ಎಷ್ಟು ವೋಲ್ಟ್ ಕೊಟ್ಟರೂ ಆ ಸೋರಿಕೆ ಮುಚ್ಚುವುದಿಲ್ಲ. ಒಂದೇ ಕಿವಿಯಲ್ಲಿ ಸದ್ದು ಕಡಿಮೆ ಅನಿಸಿದರೆ ನಳಿಕೆಯ ಜಾಲರಿಯಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿ.

ಎಷ್ಟು ವೋಲ್ಟ್ ಬೇಕು?

ಹೆಡ್‌ಫೋನ್ ಪೆಟ್ಟಿಗೆಯ ಮೇಲೆ ಎರಡು ಅಂಕಿ ಹುಡುಕಿ: ಇಂಪೀಡೆನ್ಸ್ (ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ), ಓಮ್‌ನಲ್ಲಿ; ಸೆನ್ಸಿಟಿವಿಟಿ (ಕೊಟ್ಟ ಸಿಗ್ನಲಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು), ಡಿಬಿ ಅಂದರೆ ಡೆಸಿಬೆಲ್‌ನಲ್ಲಿ. ಜನ ಎಡವುವುದು ಎರಡನೆಯದರಲ್ಲಿ. ಕೆಲವು ಕಂಪನಿಗಳು ಅದನ್ನು ಒಂದು ಮಿಲಿವ್ಯಾಟ್‌ಗೆ ಇಷ್ಟು ಡಿಬಿ ಎಂದು ಬರೆಯುತ್ತವೆ, ಇನ್ನು ಕೆಲವು ಒಂದು ವೋಲ್ಟ್‌ಗೆ ಇಷ್ಟು ಎಂದು. 32 ಓಮ್ ಹೆಡ್‌ಫೋನಿನಲ್ಲಿ ಈ ಎರಡರ ನಡುವೆ 15 ಡಿಬಿ ಅಂತರ. ಹೀಗಾಗಿ ಎರಡು ಪೆಟ್ಟಿಗೆಗಳ ಅಂಕಿಯನ್ನು ನೇರವಾಗಿ ಹೋಲಿಸಲಾಗದು.

ಎಲ್ಲವನ್ನೂ ಒಂದು ವೋಲ್ಟ್‌ನ ಲೆಕ್ಕಕ್ಕೆ ತನ್ನಿ. ಮಿಲಿವ್ಯಾಟ್ ಲೆಕ್ಕದ ಅಂಕಿಗೆ ಇಂಪೀಡೆನ್ಸ್ ನೋಡಿ ಇಷ್ಟು ಕೂಡಿಸಿ: 16 ಓಮ್‌ಗೆ 18, 32ಕ್ಕೆ 15, 50ಕ್ಕೆ 13, 80ಕ್ಕೆ 11, 150ಕ್ಕೆ 8, 250ಕ್ಕೆ 6, 300ಕ್ಕೆ 5, 600ಕ್ಕೆ 2. ಪೂರ್ತಿ ಸೂತ್ರ ಬೇಕಿದ್ದವರಿಗೆ: 1000ವನ್ನು ಓಮ್‌ನಿಂದ ಭಾಗಿಸಿ, ಹತ್ತರ ಲಾಗ್ ತೆಗೆದು, 10ರಿಂದ ಗುಣಿಸಿ.

ಗುರಿ 110 ಡಿಬಿ ಎಂದಿಟ್ಟುಕೊಳ್ಳಿ. ಸದಾ ಅಷ್ಟು ಜೋರಾಗಿ ಕೇಳಬೇಕೆಂದಲ್ಲ. ಸರಾಸರಿ 80–85 ಡಿಬಿಯಲ್ಲಿ ಕೇಳುವಾಗಲೂ ತಬಲಾದ ಪೆಟ್ಟು, ವಾದ್ಯವೃಂದದ ಏರು ಸರಾಸರಿಗಿಂತ 20–25 ಡಿಬಿ ಮೇಲಕ್ಕೆ ಹಾರುತ್ತವೆ. ಆ ಕ್ಷಣಗಳಿಗೆ ಜಾಗ ಇರಬೇಕು. ಸರಾಸರಿಯೇ ಅದಕ್ಕಿಂತ ಮೇಲಿದ್ದರೆ ಕಿವಿಯ ಲೆಕ್ಕ ಬೇರೆ: ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 80 ಡಿಬಿಯಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡಿಬಿಯಲ್ಲಿ 4 ಗಂಟೆ ಮಾತ್ರ.

110ರಿಂದ ಹೆಡ್‌ಫೋನಿನ ಒಂದು ವೋಲ್ಟ್‌ನ ಅಂಕಿಯನ್ನು ಕಳೆಯಿರಿ. ಉಳಿದದ್ದು ಸೊನ್ನೆಯಾದರೆ 1 ವೋಲ್ಟ್ ಸಾಕು. 6 ಉಳಿದರೆ 2 ವೋಲ್ಟ್, 10 ಉಳಿದರೆ 3.2, 12 ಉಳಿದರೆ 4. ಮೈನಸ್ 6 ಬಂದರೆ ಅರ್ಧ ವೋಲ್ಟ್, ಮೈನಸ್ 20 ಬಂದರೆ 0.1 ವೋಲ್ಟ್.

ಮಾಡಿ ನೋಡೋಣ. ಆಡಿಯೋ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್: 38 ಓಮ್, ಮಿಲಿವ್ಯಾಟ್‌ಗೆ 99 ಡಿಬಿ. 14 ಕೂಡಿಸಿದರೆ ವೋಲ್ಟ್‌ಗೆ 113. ಅಂದರೆ 0.7 ವೋಲ್ಟ್ ಸಾಕು. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಕರೆಂಟ್ 18 ಮಿಲಿಆಂಪ್. ಫೋನಿನ ಯುಎಸ್‌ಬಿ-ಸಿಗೆ ಚುಚ್ಚಿ ಹೆಡ್‌ಫೋನ್ ಜ್ಯಾಕ್ ಪಡೆಯುವ ಸಾಮಾನ್ಯ ಅಡಾಪ್ಟರ್ ಇದನ್ನು ಸಲೀಸಾಗಿ ನಡೆಸುತ್ತದೆ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ, 250 ಓಮ್, ಮಿಲಿವ್ಯಾಟ್‌ಗೆ 96 ಡಿಬಿ: ವೋಲ್ಟ್‌ಗೆ 102, ಬೇಕಾದದ್ದು 2.5 ವೋಲ್ಟ್, ಆದರೆ ಕರೆಂಟ್ ಬರೀ 10 ಮಿಲಿಆಂಪ್. ಇಲ್ಲಿ ಫೋನ್ ಸೋಲುತ್ತದೆ. ಹೈಫೈಮ್ಯಾನ್ ಎಚ್‌ಇ-6 ಇನ್ನೊಂದು ಕೊನೆಯದು: 50 ಓಮ್, 83.5 ಡಿಬಿ. ಅದಕ್ಕೆ 4.7 ವೋಲ್ಟ್ ಜೊತೆಗೆ 95 ಮಿಲಿಆಂಪ್ ಬೇಕು, ಹೆಚ್ಚುಕಡಿಮೆ 450 ಮಿಲಿವ್ಯಾಟ್. ಜೇಬಿನ ಆಂಪ್‌ಗಳಲ್ಲಿ ಇದಕ್ಕೆ ಹೆಗಲು ಕೊಡುವಂಥವು ಕಡಿಮೆ. ಇಂಥ ಹೆಡ್‌ಫೋನನ್ನು ಮೇಜಿನ ಆಂಪ್‌ಗೆ ಬಿಡುವುದೇ ಲೇಸು.

ಓಮ್ ಹೆಚ್ಚಿದ್ದರೆ ಆಂಪ್ ಬೇಕು, ಕಡಿಮೆಯಿದ್ದರೆ ಬೇಡ ಎಂಬ ಪ್ರಚಲಿತ ಮಾತು ಎಷ್ಟು ದುರ್ಬಲ ಎಂಬುದೂ ಇದರಿಂದಲೇ ಕಾಣುತ್ತದೆ. 50 ಓಮ್‌ನದ್ದು 250 ಓಮ್‌ನದ್ದಕ್ಕಿಂತ ಹೆಚ್ಚು ಹಸಿದಿರಬಹುದು.

ಈಕ್ವಲೈಜರ್ ಬಳಸುವವರು ಇನ್ನೊಂದು ಅಂಶ ಸೇರಿಸಿಕೊಳ್ಳಬೇಕು. ಬೇಸ್ 6 ಡಿಬಿ ಏರಿಸಿದರೆ, ಡಿಜಿಟಲ್ ಸಿಗ್ನಲ್ ಒಡೆಯದಿರಲು ಒಟ್ಟು ಮಟ್ಟವನ್ನು 6 ಡಿಬಿ ಇಳಿಸಬೇಕಾಗುತ್ತದೆ. ಹಾಗೆ ಮಾಡಿದಾಗ ಉಳಿದ ಸ್ವರಗಳಿಗೆ ಸಿಗುವ ವೋಲ್ಟೇಜ್ ಅರ್ಧಕ್ಕೆ ಬರುತ್ತದೆ. ಇಲ್ಲದಿದ್ದರೆ ಸಾಕಾಗುತ್ತಿದ್ದ ಅಡಾಪ್ಟರ್ ಸಾಲದೆ ಹೋಗುವುದು ಹೆಚ್ಚಾಗಿ ಇಂಥಲ್ಲೇ.

ಈಗಿರುವ ಸಾಧನ ಎಷ್ಟು ಕೊಡುತ್ತದೆ?

ಫೋನಿನ ಜ್ಯಾಕ್ ಸಾಮಾನ್ಯವಾಗಿ 0.5ರಿಂದ 1 ವೋಲ್ಟ್ ಕೊಡುತ್ತದೆ. ಆಪಲ್‌ನ ಯುಎಸ್‌ಬಿ-ಸಿ ಅಡಾಪ್ಟರ್ ಬೆರಳಿನಷ್ಟೇ ಇದ್ದರೂ ಸುಮಾರು 1 ವೋಲ್ಟ್ ಕೊಡುತ್ತದೆ. ಯುರೋಪಿಗೆಂದು ತಯಾರಾದ ಆವೃತ್ತಿ ಅದರ ಅರ್ಧ ಮಾತ್ರ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದರ ಒಳಗಿನ ವಾಲ್ಯೂಮ್ ಪೂರ್ತಿ ಏರುವುದೇ ಇಲ್ಲ, ಸದ್ದು ಸಣ್ಣಗೆ ಕೇಳುತ್ತದೆ, ತಪ್ಪು ಹೆಡ್‌ಫೋನಿನದ್ದಲ್ಲ. ಒಳ್ಳೆಯ ಡಾಂಗಲ್‌ಗಳು (ಯುಎಸ್‌ಬಿಗೆ ಚುಚ್ಚುವ, ಬ್ಯಾಟರಿಯಿಲ್ಲದ ಸಣ್ಣ ಆಂಪ್‌ಗಳು) 3.5 ಎಂಎಂ ಜ್ಯಾಕ್‌ನಲ್ಲಿ 2 ವೋಲ್ಟ್‌ನಷ್ಟು, ಎಡ-ಬಲ ಕಿವಿಗಳಿಗೆ ಬೇರೆಬೇರೆ ಧನ-ಋಣ ತಂತಿಗಳಿರುವ 4.4 ಎಂಎಂ ಬ್ಯಾಲೆನ್ಸ್ಡ್ ಜ್ಯಾಕ್‌ನಲ್ಲಿ 4 ವೋಲ್ಟ್‌ನಷ್ಟು ಕೊಡುತ್ತವೆ.

ಅಂಕಿಗಳನ್ನು ನಂಬದವರು ಮಲ್ಟಿಮೀಟರ್ ಹಿಡಿಯಬಹುದು. 50 ಹರ್ಟ್ಸ್‌ನ ಸೈನ್ ತರಂಗದ ಆಡಿಯೋ ಫೈಲನ್ನು ಪೂರ್ಣ ಮಟ್ಟದಲ್ಲಿ, ಅಂದರೆ ಸೊನ್ನೆ ಡಿಬಿಎಫ್‌ಎಸ್‌ನಲ್ಲಿ, ತಯಾರಿಸಿಕೊಳ್ಳಿ. 50 ಏಕೆಂದರೆ ಅಗ್ಗದ ಮೀಟರ್‌ಗಳು ಎಸಿ ಅಳೆಯುವಾಗ ಕರೆಂಟ್ ಲೈನಿನ ಆಸುಪಾಸಿನ ಆವರ್ತನದಲ್ಲೇ ಸರಿಯಾಗಿ ತೋರಿಸುವುದು. 1000 ಹರ್ಟ್ಸ್‌ನಲ್ಲಿ ಕೆಲವು ಮೀಟರ್‌ಗಳ ಅಂಕಿ ಅರ್ಥವಿಲ್ಲದ್ದು. ಹೆಡ್‌ಫೋನ್ ತೆಗೆದಿಡಿ. ಈ ಫೈಲ್ ಪೂರ್ಣ ವಾಲ್ಯೂಮಿನಲ್ಲಿ ಓಡುವಾಗ ಹೆಡ್‌ಫೋನನ್ನು ಎಂದೂ ಚುಚ್ಚಬೇಡಿ, ಡ್ರೈವರ್ (ಸದ್ದು ಹೊರಡಿಸುವ ಒಳಭಾಗ) ಹೋದೀತು. ಆಡಿಯೋ ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಯ ಪ್ಲಗ್‌ನ ಮೊನೆಗೆ ಒಂದು ಪ್ರೋಬ್, ಬುಡದ ಉಂಗುರಕ್ಕೆ ಇನ್ನೊಂದು ತಾಗಿಸಿ ಎಸಿ ವೋಲ್ಟ್ ಓದಿ. ಇನ್ನು ಅದೇ ಎರಡು ಬಿಂದುಗಳ ನಡುವೆ 33 ಓಮ್ ರೆಸಿಸ್ಟರ್ ಸೇರಿಸಿ ಮತ್ತೆ ಓದಿ. ಅರ್ಧ ವ್ಯಾಟ್‌ನ ರೆಸಿಸ್ಟರ್ ಸಾಕು, 2 ವೋಲ್ಟ್‌ನಲ್ಲೂ ಅದು ಸುಡುವುದು 0.12 ವ್ಯಾಟ್.

ಎರಡನೆಯ ಅಂಕಿ ಎಷ್ಟು ಇಳಿಯಿತು ಎಂಬುದರಲ್ಲಿ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಸಾಧನದ ಒಳಗಿನ ತಡೆ, ಅಡಗಿದೆ. ಮೊದಲು 1.00, ರೆಸಿಸ್ಟರ್ ಇಟ್ಟ ಮೇಲೆ 0.92 ಬಂತೆನ್ನಿ. ಇಳಿದ 0.08ನ್ನು 0.92ರಿಂದ ಭಾಗಿಸಿ 33ರಿಂದ ಗುಣಿಸಿದರೆ 2.9 ಓಮ್. ಇಳಿತ ಇದಕ್ಕಿಂತ ತುಂಬಾ ದೊಡ್ಡದಿದ್ದರೆ ಸಾಧನ ಕರೆಂಟ್ ಕೊಡಲಾರದೆ ಅಲೆಯ ತಲೆ ಕತ್ತರಿಸುತ್ತಿರಲೂಬಹುದು. ವಾಲ್ಯೂಮ್ ಅರ್ಧಕ್ಕೆ ಇಳಿಸಿ ಪುನಃ ಅಳೆಯಿರಿ. ಎರಡೂ ಮಟ್ಟದಲ್ಲಿ ಒಂದೇ ಓಮ್ ಬಂದರೆ ಅದು ಇಂಪೀಡೆನ್ಸ್; ಜೋರಿನಲ್ಲಿ ಮಾತ್ರ ಹೆಚ್ಚು ಬಂದರೆ ಕರೆಂಟಿನ ಕೊರತೆ.

ಸದ್ದು ಸಾಕಾಗಿದ್ದೂ ಆಂಪ್ ಬೇಕಾಗುವ ಸಂದರ್ಭ

ಆ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆಯಿರಲಿ ಎಂಬುದು ರೂಢಿಯ ಅಳತೆ. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಬಗೆಯ ಪುಟ್ಟ ಡ್ರೈವರ್‌ಗಳ ಇಯರ್‌ಫೋನ್ ಇದ್ದವರು (ಇದಕ್ಕೂ ಬ್ಯಾಲೆನ್ಸ್ಡ್ ಜ್ಯಾಕ್‌ಗೂ ಸಂಬಂಧವಿಲ್ಲ) ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅವುಗಳ ಇಂಪೀಡೆನ್ಸ್ ಒಂದೊಂದು ಸ್ವರಕ್ಕೆ ಒಂದೊಂದು. ಒಂದು ಕಡೆ 9 ಓಮ್, ಇನ್ನೊಂದು ಕಡೆ 50 ಓಮ್ ಇರುವ ಇಯರ್‌ಫೋನನ್ನು 10 ಓಮ್‌ನ ಔಟ್‌ಪುಟ್‌ಗೆ ಚುಚ್ಚಿದರೆ ಮೊದಲ ಕಡೆ 6.5 ಡಿಬಿ, ಎರಡನೆಯ ಕಡೆ 1.6 ಡಿಬಿ ಕಳೆದುಹೋಗುತ್ತದೆ. ನಾದದ ಸಮತೋಲ ಸುಮಾರು 5 ಡಿಬಿ ಕದಲಿತು, ಯಾವ ಕಿವಿಗೂ ಗೊತ್ತಾಗುವಷ್ಟು. ಅದೇ 1 ಓಮ್‌ನ ಔಟ್‌ಪುಟ್‌ನಲ್ಲಿ ವ್ಯತ್ಯಾಸ 0.8 ಡಿಬಿಗಿಂತ ಕಡಿಮೆ. ಆಂಪ್ ಬದಲಿಸಿದೊಡನೆ ನಾದವೇ ಬದಲಾಯಿತು ಎನ್ನುವವರ ಮಾತಿನಲ್ಲಿ ಸತ್ಯವಿರುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ. ಚಪ್ಪಟೆ ಪೊರೆಯ ಡ್ರೈವರ್ ಇರುವ ಪ್ಲೇನಾರ್ ಹೆಡ್‌ಫೋನ್‌ಗಳ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಆಗಿರುವುದರಿಂದ ಅವಕ್ಕೆ ಸದ್ದು ತುಸು ತಗ್ಗುತ್ತದೆಯೇ ಹೊರತು ನಾದ ಕದಲುವುದಿಲ್ಲ.

ಎರಡನೆಯ ಸಂದರ್ಭ ಹಿಸ್, ಹಾಡು ನಿಲ್ಲಿಸಿದಾಗಲೂ ಕೇಳುವ ಸಣ್ಣ ಸುಯ್ ಸದ್ದು. ವೋಲ್ಟ್‌ಗೆ 130 ಡಿಬಿ ಕೊಡುವ ಸೂಕ್ಷ್ಮ ಇಯರ್‌ಫೋನಿಗೆ ಸಾಧನದ 10 ಮೈಕ್ರೋವೋಲ್ಟ್ ಗದ್ದಲ ಸಿಕ್ಕರೆ ಕಿವಿಯಲ್ಲಿ 30 ಡಿಬಿಯಾಗುತ್ತದೆ. ನಿಶ್ಶಬ್ದ ಕೋಣೆಯಲ್ಲಿ ಕೇಳಿಸುತ್ತದೆ. ಇಲ್ಲಿ ಬೇಕಾದದ್ದು ಬಲವಾದ ಆಂಪ್ ಅಲ್ಲ, ಗದ್ದಲ ಕಡಿಮೆಯಿರುವ, ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ಏರಿಸುತ್ತದೆ ಎಂಬ ಅಳತೆ) ಕಡಿಮೆಯಿರುವ ಆಂಪ್. ದೊಡ್ಡ ಮಿಲಿವ್ಯಾಟ್ ನೋಡಿ ಕೊಂಡರೆ ಹಿಸ್ ಹೆಚ್ಚುವುದೇ ಹೆಚ್ಚು.

ಲ್ಯಾಪ್‌ಟಾಪಿನಲ್ಲಿ ಮೌಸ್ ಅಲುಗಾಡಿಸಿದಾಗ ಕೀಚಲು ಸದ್ದು ಬಂದರೆ ಅದು ಒಳಗಿನ ಸರ್ಕ್ಯೂಟಿನ ಗದ್ದಲ. ಅದೇ ಹೆಡ್‌ಫೋನ್ ಜ್ಯಾಕ್‌ಗೆ ಅನಲಾಗ್ ಆಂಪ್ ಸೇರಿಸಿದರೆ ಗದ್ದಲವೂ ಹಾಡಿನ ಜೊತೆಗೇ ದೊಡ್ಡದಾಗುತ್ತದೆ. ಯುಎಸ್‌ಬಿಯಿಂದ ಡಿಜಿಟಲ್ ಆಗಿ ತೆಗೆದುಕೊಳ್ಳುವ ಡ್ಯಾಕ್-ಆಂಪ್ (ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಡ್ಯಾಕ್ ಒಳಗೇ ಇರುವ ಆಂಪ್) ಇದಕ್ಕೆ ಮದ್ದು.

ಯಾವುದನ್ನು ಆರಿಸುವುದು

ಬೇಕಾದದ್ದು 2 ವೋಲ್ಟ್‌ನೊಳಗಿದ್ದರೆ ಡಾಂಗಲ್ ಸಾಕು, ಬ್ಯಾಟರಿಯ ಆಂಪ್ ಹೊರುವುದು ವ್ಯರ್ಥ. ಫೋನಿನಿಂದಲೇ ಕರೆಂಟ್ ಎಳೆಯುತ್ತದೆ ಎಂಬುದೊಂದೇ ಡಾಂಗಲ್‌ನ ತಕರಾರು. ಬ್ಯಾಟರಿಯ ಆಂಪ್ ಅರ್ಥ ಪಡೆಯುವುದು 3 ವೋಲ್ಟ್‌ನಿಂದ ಮೇಲೆ, ಇಲ್ಲವೇ 50 ಮಿಲಿಆಂಪ್‌ಗಿಂತ ಹೆಚ್ಚು ಕರೆಂಟ್ ಬೇಕಾದಾಗ. ಅಂದಹಾಗೆ, ಡ್ಯಾಕ್ ಇಲ್ಲದ ಬರೀ ಯುಎಸ್‌ಬಿ-ಸಿ ಜ್ಯಾಕ್ ಅಡಾಪ್ಟರ್‌ಗಳೂ ಮಾರಾಟದಲ್ಲಿವೆ. ಅನಲಾಗ್ ಸಿಗ್ನಲನ್ನು ಯುಎಸ್‌ಬಿ-ಸಿಯಿಂದಲೇ ಹೊರಬಿಡುವ ಫೋನ್‌ಗಳಲ್ಲಿ ಮಾತ್ರ ಅವು ಕೆಲಸ ಮಾಡುತ್ತವೆ; ಉಳಿದವುಗಳಲ್ಲಿ ಪೂರ್ತಿ ಮೌನ.

ಜಾಹೀರಾತಿನ ಮಿಲಿವ್ಯಾಟ್ ಓದುವಾಗ ಎಷ್ಟು ಓಮ್‌ಗೆ ಎಂದು ಕೇಳಿ. 32 ಓಮ್‌ಗೆ 300 ಮಿಲಿವ್ಯಾಟ್ ಎಂದರೆ 3.1 ವೋಲ್ಟ್. ಅದೇ ಆಂಪ್ ಅಷ್ಟೇ ವೋಲ್ಟ್‌ನಲ್ಲಿ 300 ಓಮ್‌ಗೆ ಕೊಡುವುದು 32 ಮಿಲಿವ್ಯಾಟ್ ಮಾತ್ರ. ವಿಕೃತಿ ಶೇಕಡಾ ಎಷ್ಟಿದ್ದಾಗ ಅಳೆದದ್ದು ಎಂಬುದೂ ಮುಖ್ಯ. ಶೇ. 10 ವಿಕೃತಿಯಲ್ಲಿ ಅಳೆದ ಪವರ್ ಸಂಗೀತಕ್ಕೆ ಬಾರದು. ಬ್ಯಾಲೆನ್ಸ್ಡ್ ಔಟ್‌ಪುಟ್ ವೋಲ್ಟೇಜನ್ನು ದುಪ್ಪಟ್ಟು ಮಾಡುತ್ತದೆ, ಜೊತೆಗೆ ಔಟ್‌ಪುಟ್ ಇಂಪೀಡೆನ್ಸನ್ನೂ. ಸೂಕ್ಷ್ಮ ಇಯರ್‌ಫೋನಿಗೆ ಅದರಿಂದ ಲಾಭವಿಲ್ಲ.

ಕೊಂಡ ಮೇಲೆ ವಾಪಸು ಮಾಡುವ ಅವಧಿಯೊಳಗೆ ಒಮ್ಮೆ ನ್ಯಾಯವಾಗಿ ಹೋಲಿಸಿ. ಕೊಂಚ ಜೋರಿದ್ದದ್ದು ಕಿವಿಗೆ ಚೆನ್ನಾಗಿದೆ ಅನಿಸುತ್ತದೆ, ಈ ಮೋಸದಿಂದ ಯಾರೂ ಹೊರತಲ್ಲ. ಹೆಡ್‌ಫೋನ್‌ಗೆ ಹೋಗುವ ಸಿಗ್ನಲನ್ನು ಸ್ಪ್ಲಿಟರ್ ಹಾಕಿ ಮೀಟರಿನಲ್ಲಿ ನೋಡುತ್ತಾ, ಅದೇ ಸೈನ್ ಫೈಲನ್ನು ತಗ್ಗಿದ ವಾಲ್ಯೂಮಿನಲ್ಲಿ ಓಡಿಸಿ ಎರಡರ ಮಟ್ಟವನ್ನೂ ಸರಿಹೊಂದಿಸಿ. 0.2 ಡಿಬಿ ಅಂದರೆ ಶೇ. 2.3. ಒಂದು 100 ಮಿಲಿವೋಲ್ಟ್ ತೋರಿಸಿದರೆ ಇನ್ನೊಂದು 98–102ರೊಳಗೆ ಇರಬೇಕು. ಫೋನಿನ ವಾಲ್ಯೂಮ್ ಮೆಟ್ಟಿಲುಗಳು ಇಷ್ಟು ನವಿರಲ್ಲವಾದ್ದರಿಂದ ಆಂಪ್‌ನ ತಿರುಗುಣಿಯಿಂದ ಹೊಂದಿಸಿ. ಯಾವುದು ಓಡುತ್ತಿದೆ ಎಂದು ಹೇಳದೆ ಬೇರೊಬ್ಬರು ಬದಲಿಸಿಕೊಡಲಿ. ಹೀಗೆ ಕೇಳಿದಾಗ ವ್ಯತ್ಯಾಸ ಸಿಗದಿದ್ದರೆ ಡಬ್ಬಿ ಹಿಂದಿರುಗಿಸಿ, ಆ ಹಣವನ್ನು ಮೇಲಾದ ಹೆಡ್‌ಫೋನಿಗೆ ಹಾಕಿ. ನಾದ ಇಷ್ಟವಾಗದಿದ್ದರೆ ಬದಲಾಗಬೇಕಾದದ್ದು ಹೆಡ್‌ಫೋನ್ ಅಥವಾ ಈಕ್ವಲೈಜರ್.

ಬಳಸುವಾಗ ಗೇನ್ ಕೆಳಗಿನದ್ದರಿಂದ ಶುರುಮಾಡಿ. ಮೇಲಿನ ಗೇನ್‌ನಲ್ಲಿ ತಿರುಗುಣಿ ಬುಡದಲ್ಲೇ ನಿಂತರೆ ಎಡ-ಬಲದ ಸದ್ದು ಸಮನಾಗಿರುವುದಿಲ್ಲ. ಅನಲಾಗ್ ಪೊಟೆನ್ಶಿಯೋಮೀಟರ್‌ಗಳ ಸ್ವಭಾವವೇ ಅದು. ಫೋನಿಗೆ ಒತ್ತಿಕೊಂಡ ಆಂಪ್‌ನಲ್ಲಿ ಗಿರಗಿರ ಸದ್ದು ಬಂದರೆ ಏರ್‌ಪ್ಲೇನ್ ಮೋಡ್ ಹಾಕಿ ನೋಡಿ. ನಿಂತರೆ ಕಾರಣ ಫೋನಿನ ರೇಡಿಯೋ, ಎರಡನ್ನೂ ಸ್ವಲ್ಪ ದೂರವಿಡಿ. ಚಾರ್ಜ್ ಆಗುವಾಗ ಮಾತ್ರ ಗುಂಯ್‌ಗುಟ್ಟಿದರೆ ಅದು ಗ್ರೌಂಡ್ ಲೂಪ್ (ಸಾಧನಗಳ ಗ್ರೌಂಡ್ ತಂತಿಗಳು ಸೇರಿ ಆಗುವ ಸುತ್ತು) ಇದ್ದೀತು, ಇಲ್ಲವೇ ಚಾರ್ಜರಿನ ಗದ್ದಲ, ಬ್ಯಾಟರಿಯಲ್ಲೇ ಕೇಳಿ. ಆಂಪ್‌ನ 4.4 ಎಂಎಂ ಬ್ಯಾಲೆನ್ಸ್ಡ್ ಜ್ಯಾಕ್‌ನಿಂದ ಸಾಮಾನ್ಯ 3.5 ಎಂಎಂ ಹೆಡ್‌ಫೋನಿಗೆ ಹೋಗುವ ಅಡಾಪ್ಟರ್ ಮಾತ್ರ ಬಳಸಲೇಬೇಡಿ. ಅದು ಎಡ-ಬಲದ ಎರಡು ಋಣ ಔಟ್‌ಪುಟ್‌ಗಳನ್ನು ಒಂದಕ್ಕೊಂದು ಶಾರ್ಟ್ ಮಾಡುತ್ತದೆ, ಆಂಪ್ ಸುಡಬಹುದು. ಬ್ಯಾಲೆನ್ಸ್ಡ್ ಕೇಬಲ್ಲಿನ ಹೆಡ್‌ಫೋನನ್ನು 3.5 ಜ್ಯಾಕ್‌ಗೆ ತರುವ ತಿರುಗಾಮುರುಗ ಅಡಾಪ್ಟರ್‌ನಿಂದ ಅಪಾಯವಿಲ್ಲ.