ಅಮೆರಿಕದಲ್ಲಿ ವಿಶ್ವವಿದ್ಯಾಲಯ ಬದಲಿಸುವಾಗ ಕ್ರೆಡಿಟ್ ಉಳಿಸಿಕೊಳ್ಳುವುದು ಹೇಗೆ

ಪ್ರವೇಶ ಸಿಕ್ಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ನಿಜವಾದ ತೊಡಕು ಆಮೇಲೆ ಕಾಣಿಸಿಕೊಳ್ಳುತ್ತದೆ. ಕ್ರೆಡಿಟ್ ಎಂದರೆ ಪ್ರತಿ ಪಾಠಕ್ಕೆ (ಕೋರ್ಸಿಗೆ) ಅದರ ತೂಕದಂತೆ ಸಿಗುವ ಎಣಿಕೆ. ನೀವು ಗಳಿಸಿದ 60 ಕ್ರೆಡಿಟ್‌ಗಳನ್ನೂ ಹೊಸ ವಿಶ್ವವಿದ್ಯಾಲಯ ಒಪ್ಪಿಕೊಳ್ಳಬಹುದು. ಅದರಲ್ಲಿ 20 ಬರೀ ಐಚ್ಛಿಕ ಲೆಕ್ಕಕ್ಕೆ ಹೋದರೆ, ಮೇಜರ್‌ಗೆ (ಡಿಗ್ರಿಯ ಮುಖ್ಯ ವಿಷಯಕ್ಕೆ) ಬೇಕಾದ ಪಾಠಗಳನ್ನು ಮತ್ತೆ ದುಡ್ಡು ಕಟ್ಟಿ ಓದಬೇಕು. ಆದ್ದರಿಂದ "ಎಷ್ಟು ಕ್ರೆಡಿಟ್ ಒಪ್ಪುತ್ತೀರಿ?" ಎಂದು ಕೇಳಿ ಸುಮ್ಮನಾಗಬೇಡಿ. "ಈ ಡಿಗ್ರಿ ಮುಗಿಸಲು ನನಗೆ ಇನ್ನು ಯಾವ ಯಾವ ಪಾಠ ಬಾಕಿ?" ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ.

ಇದಕ್ಕೆ ಒಂದು ವರ್ಷ ಮುಂಚೆಯೇ ಕೈಹಾಕಬೇಕು. ಎರಡು ವರ್ಷದ ಕಮ್ಯುನಿಟಿ ಕಾಲೇಜಿನಿಂದ ಹೋಗುವವರು, ಇಲ್ಲಿನ ಯಾವ ಪಾಠ ಅಲ್ಲಿನ ಯಾವುದಕ್ಕೆ ಸಮ ಎಂದು ಹೇಳುವ ಎರಡೂ ಕಡೆಯ ಒಪ್ಪಂದದ ಪಟ್ಟಿ ನೋಡಲಿ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ಕಾಲೇಜುಗಳಿಗೆ 'ಅಸಿಸ್ಟ್' ಜಾಲತಾಣದಲ್ಲಿ ಅದು ಪಾಠವಾರು ಸಿಗುತ್ತದೆ. ಪಟ್ಟಿಯಲ್ಲಿಲ್ಲದ ಪಾಠಕ್ಕೆ ಸಿಲಬಸ್ಸೇ ಸಾಕ್ಷಿ. ವಾರವಾರದ ವಿಷಯ, ಪಠ್ಯಪುಸ್ತಕ, ಲ್ಯಾಬ್ ಗಂಟೆಗಳು ಇರುವ ಪ್ರತಿಯನ್ನು ಪಾಠ ಮುಗಿದ ದಿನವೇ ಪಿಡಿಎಫ್ ಮಾಡಿಟ್ಟುಕೊಳ್ಳಿ, ಕೆಲವು ವರ್ಷದ ನಂತರ ಹುಡುಕಿದರೆ ಸಿಗುವುದು ಕಷ್ಟ. ಹೆಸರು ಒಂದೇ ಇದ್ದರೂ ಒಳಗಿನ ಸರಕು ಬೇರೆ ಇರಬಹುದು: ಕ್ಯಾಲ್ಕುಲಸ್ ಬಳಸದ ಫಿಸಿಕ್ಸ್ ಪಾಠ ಎಂಜಿನಿಯರಿಂಗ್‌ಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಪಾಠವನ್ನು ತಿರಸ್ಕರಿಸಿದರೆ ಸಿಲಬಸ್ ಸಮೇತ ಮೇಲ್ಮನವಿ ಹಾಕಿ. ಆ ವಿಷಯದ ವಿಭಾಗವನ್ನೇ ಕೇಳಿ, ಎಷ್ಟೋ ಕಡೆ ಕೊನೆಯ ಮಾತು ಅವರದ್ದೇ.

ಕ್ವಾರ್ಟರ್ ಪದ್ಧತಿಯಿಂದ (ಸೆಮಿಸ್ಟರ್‌ಗಿಂತ ಚಿಕ್ಕ ಅವಧಿ) ಸೆಮಿಸ್ಟರ್ ಪದ್ಧತಿಗೆ ಹೋಗುವವರು ಲೆಕ್ಕದಲ್ಲಿ ಎಡವುತ್ತಾರೆ. 1 ಕ್ವಾರ್ಟರ್ ಕ್ರೆಡಿಟ್ ಎಂದರೆ ಸೆಮಿಸ್ಟರ್ ಕ್ರೆಡಿಟ್‌ನ ಮೂರರಲ್ಲಿ ಎರಡು ಪಾಲು. 5 ಕ್ರೆಡಿಟ್‌ನ ಪಾಠ 3.33 ಆಗಿ ಇಳಿಯುತ್ತದೆ. ಅಲ್ಲಿ 4 ಬೇಕಿದ್ದರೆ ಕೊರತೆ. ಮೂರು ಕ್ವಾರ್ಟರ್‌ಗಳಲ್ಲಿ ಹರಡಿರುವ ಕ್ಯಾಲ್ಕುಲಸ್ ಅಥವಾ ಕೆಮಿಸ್ಟ್ರಿ ಸರಣಿಯನ್ನು ಅರ್ಧಕ್ಕೆ ಬಿಟ್ಟು ಹೊರಡಬೇಡಿ. ಸೆಮಿಸ್ಟರ್ ಪಾಠಗಳ ಗಡಿ ಬೇರೆ ಕಡೆ ಬೀಳುವುದರಿಂದ ಓದಿದ್ದನ್ನೇ ಮತ್ತೆ ಓದಬೇಕಾದೀತು.

'ಸಿ'ಗಿಂತ ಕಡಿಮೆ ಗ್ರೇಡ್ ಬಂದ ಪಾಠವನ್ನು ಹಲವು ಕಡೆ ಒಪ್ಪುವುದಿಲ್ಲ, 'ಸಿ ಮೈನಸ್' ಕೂಡ ಅದರಲ್ಲಿ ಸೇರಬಹುದು. ಸಾಮಾನ್ಯವಾಗಿ ಹೊಸ ಕಡೆಗೆ ಕ್ರೆಡಿಟ್ ಬರುತ್ತದೆ, ಜಿಪಿಎ (ಗ್ರೇಡ್‌ಗಳ ಸರಾಸರಿ) ಬರುವುದಿಲ್ಲ. ಓದಿದ ಎಲ್ಲ ಕಾಲೇಜುಗಳ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) ಕಳಿಸಿ, ಫೇಲಾದ ಕಾಲೇಜಿನದ್ದನ್ನೂ. ಮುಚ್ಚಿಟ್ಟದ್ದು ಗೊತ್ತಾದರೆ ಪ್ರವೇಶವೇ ರದ್ದಾಗಬಹುದು. 120 ಕ್ರೆಡಿಟ್‌ನ ಡಿಗ್ರಿಯಲ್ಲಿ ಕನಿಷ್ಠ 30 ತಮ್ಮಲ್ಲೇ ಓದಬೇಕೆಂಬ ನಿಯಮ ಅನೇಕ ಕಡೆ ಇದೆ. ಕೊನೆಯ ವರ್ಷದಲ್ಲಿ ಬದಲಿಸುವುದು ನಷ್ಟದ ವ್ಯವಹಾರ ಎನ್ನುವುದು ಇದಕ್ಕೇ.

ಕೆಲಸ, ಮನೆ, ಮಕ್ಕಳ ನಡುವೆ ವರ್ಷಗಳ ನಂತರ ಮರಳಿ ಓದಲು ಬರುವವರ ಹತ್ತಿರ ತಾವೇ ಮರೆತ ಕ್ರೆಡಿಟ್ ಇರಬಹುದು. ಸೇನೆಯಲ್ಲಿದ್ದವರು ತಮ್ಮ ಸೇನಾ ತರಬೇತಿಗೆ ಸಿಗಬಹುದಾದ ಕ್ರೆಡಿಟ್ ತೋರಿಸುವ ಜಾಯಿಂಟ್ ಸರ್ವೀಸಸ್ ಟ್ರಾನ್ಸ್‌ಕ್ರಿಪ್ಟ್ ತರಿಸಿಕೊಳ್ಳಲಿ. ಗೊತ್ತಿರುವ ವಿಷಯಕ್ಕೆ, ತರಗತಿಗೆ ಹೋಗದೆ ಕ್ರೆಡಿಟ್ ಗಳಿಸಲು, ಕ್ಲೆಪ್ ಪರೀಕ್ಷೆ ಬರೆಯಬಹುದು. ಶಿಫಾರಸಾದ ಅಂಕ 50, ಆದರೆ ನಿಮ್ಮ ವಿಶ್ವವಿದ್ಯಾಲಯ ಹೆಚ್ಚು ಕೇಳುತ್ತದೆಯೇ ಎಂದು ಮೊದಲು ನೋಡಿ. ಹಳೆಯ ಕಂಪ್ಯೂಟರ್, ವಿಜ್ಞಾನ ಪಾಠಗಳನ್ನು ಕೆಲವು ವಿಭಾಗಗಳು 'ಕಾಲ ಮೀರಿದೆ' ಎನ್ನುತ್ತವೆ.

ಹಣದ ನೆರವು ತಾನಾಗಿ ನಿಮ್ಮ ಜತೆ ಹೊಸ ಕಾಲೇಜಿಗೆ ಬರುವುದಿಲ್ಲ. ಸರ್ಕಾರದ ನೆರವಿಗೆ ಹಾಕುವ ಫ್ಯಾಫ್ಸಾ ಅರ್ಜಿಯಲ್ಲಿ ಹೊಸ ಕಾಲೇಜಿನ ಕೋಡ್ ಸೇರಿಸಿ. ಮದುವೆಯಾದವರು ಮತ್ತು 24 ತುಂಬಿದವರು ತಂದೆತಾಯಿಯ ಆದಾಯ ತೋರಿಸಬೇಕಿಲ್ಲ. ಸರ್ಕಾರ ಕೊಡುವ, ಮರಳಿಸಬೇಕಿಲ್ಲದ ಪೆಲ್ ಗ್ರಾಂಟ್ ಜೀವಮಾನದಲ್ಲಿ ಸುಮಾರು 12 ಸೆಮಿಸ್ಟರ್‌ಗಷ್ಟೇ, ಪುನಃ ಓದುವ ಪಾಠಗಳು ಅದನ್ನೂ ತಿನ್ನುತ್ತವೆ. ಸೆಮಿಸ್ಟರ್‌ನ ಶೇ 60 ದಾಟುವ ಮೊದಲೇ ಎಲ್ಲ ಪಾಠ ಬಿಟ್ಟರೆ ಸರ್ಕಾರದ ನೆರವಿನ ಒಂದು ಭಾಗ ವಾಪಸ್ ಹೋಗುತ್ತದೆ, ಬಾಕಿ ನಿಮ್ಮ ಹೆಸರಿಗೆ ಬೀಳಬಹುದು. ಆ ಬಾಕಿಯಿಂದಲೇ ಟ್ರಾನ್ಸ್‌ಕ್ರಿಪ್ಟ್ ತಡೆಹಿಡಿದಾರು.

ಎಫ್-1 ವೀಸಾದ ವಿದೇಶಿ ವಿದ್ಯಾರ್ಥಿಗಳಿಗೆ ಇನ್ನೊಂದು ಹೆಜ್ಜೆ ಇದೆ. ಹೊಸ ಕಡೆಯ ಪ್ರವೇಶ ಪತ್ರ ತೋರಿಸಿ, ಹಳೆಯ ಕಾಲೇಜಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವಿಷಯ ನೋಡುವ ಅಧಿಕಾರಿ) ಜತೆ ಸೆವಿಸ್ ದಾಖಲೆ (ಸರ್ಕಾರದ ಬಳಿ ಇರುವ ನಿಮ್ಮ ವಿದ್ಯಾರ್ಥಿ ದಾಖಲೆ) ಬಿಡುಗಡೆಯ ದಿನಾಂಕ ನಿಗದಿ ಮಾಡಿ. ಹಳೆಯ ಕ್ಯಾಂಪಸ್ಸಿನ ಕೆಲಸ ಆ ದಿನಕ್ಕೆ ನಿಲ್ಲಬೇಕು, ಹೊಸ ತರಗತಿ ಅಲ್ಲಿಂದ 5 ತಿಂಗಳೊಳಗೆ ಶುರುವಾಗಬೇಕು. ಮನಸ್ಸು ಬದಲಾಯಿಸುವುದಿದ್ದರೆ ಆ ದಿನಾಂಕಕ್ಕೆ ಮುಂಚೆಯೇ ತಿಳಿಸಿ. ದಾಖಲೆ ಹೊಸ ಕಾಲೇಜಿಗೆ ಹೋದ ಮೇಲೆ ಹಳೆಯ ಡಿಎಸ್‌ಒ ಕೈಯಲ್ಲಿ ಏನೂ ಉಳಿಯುವುದಿಲ್ಲ.