ಕಣ್ಣಿನ ತಪ್ಪು, ಬೆರಳಿನ ತಪ್ಪು: 4ಕೆ ಜಂಪ್‌ಸ್ಟ್ರೀಮ್ ನನ್ನ ಹಿಡಿತಕ್ಕೆ ಬಂದ ಬಗೆ

ಹಾಡಿನ ತಾಳಕ್ಕೆ ಪರದೆಯ ಮೇಲೆ ಇಳಿದುಬರುವ ನೋಟ್‌ಗಳಿಗೆ ಸರಿಯಾಗಿ ಕೀ ಒತ್ತುವ ರಿದಮ್ ಗೇಮ್‌ಗಳಲ್ಲಿ 4ಕೆ ಎಂದರೆ ನಾಲ್ಕು ಕೀಗಳ ಆಟ; ಜಂಪ್‌ಸ್ಟ್ರೀಮ್ ಎಂದರೆ ಎಡೆಬಿಡದ ನೋಟ್‌ಗಳ ಸಾಲಿನ (ಸ್ಟ್ರೀಮ್) ನಡುನಡುವೆ ಎರಡು ಕೀ ಒಟ್ಟಿಗೆ ಒತ್ತಬೇಕಾದ ಜೋಡಿಗಳು. 180 ಬಿಪಿಎಂ (ನಿಮಿಷಕ್ಕೆ 180 ಬೀಟ್) ಜಂಪ್‌ಸ್ಟ್ರೀಮ್‌ಗಳಲ್ಲಿ ಶೇ. 91ರ ಆಸುಪಾಸಿನಲ್ಲೇ ತಿಂಗಳುಗಟ್ಟಲೆ ನಿಂತಿದ್ದ ನನ್ನ ಅಕ್ಯುರೆಸಿ ಈಗ 96ನ್ನು ದಾಟಿದೆ. ವೇಗ ತಗ್ಗಿಸಿ ಅಭ್ಯಾಸ ಮಾಡಿದರೆ ಬೆರಳು ಮಂದವಾಗುತ್ತದೆ, ಕಷ್ಟದ ಚಾರ್ಟ್‌ಗಳನ್ನೇ (ಹಾಡಿಗೆ ಜೋಡಿಸಿದ ನೋಟ್‌ಗಳ ವಿನ್ಯಾಸ) ಆಡುತ್ತಿದ್ದರೆ ಎಲ್ಲವೂ ತಾನಾಗಿ ಬರುತ್ತದೆ ಎಂದು ಜೊತೆಯ ಆಟಗಾರರು ನಿಧಾನದಿಂದ ಮೇಲೇರುವ ನನ್ನ ಕ್ರಮವನ್ನು ಒಪ್ಪಿರಲಿಲ್ಲ. ಆದ್ದರಿಂದಲೇ ಬರೆಯುತ್ತಿದ್ದೇನೆ.

ಮೊದಲು ಹಣದ ವಿಷಯ. ರೆಡ್ ಸ್ವಿಚ್ ಕೀಬೋರ್ಡಿಗೆ ನಾಲ್ಕು ಸಾವಿರ, ಅನಂತರ ರಾಪಿಡ್ ಟ್ರಿಗರ್ (ಬೆರಳು ತುಸು ಎತ್ತಿದೊಡನೆ ಕೀ ಮತ್ತೆ ಸಿದ್ಧವಾಗುವ ಸೌಲಭ್ಯ) ಇರುವ, ಅಯಸ್ಕಾಂತದ ಹಾಲ್ ಎಫೆಕ್ಟ್ ಕೀಬೋರ್ಡಿಗೆ ಒಂಬತ್ತು ಸಾವಿರದಷ್ಟು, 144 ಹರ್ಟ್ಸ್ ಮಾನಿಟರಿಗೆ ಸುಮಾರು ಹನ್ನೆರಡು ಸಾವಿರ ಖರ್ಚಾಯಿತು. ಹೊಸ ಕೀಬೋರ್ಡಿನಿಂದ ಜ್ಯಾಕ್‌ಗಳು (ಒಂದೇ ಕೀಯನ್ನು ಬೆನ್ನುಬೆನ್ನಿಗೆ ಒತ್ತುವುದು) ಹಗುರಾದವು, ಸ್ಟ್ರೀಮ್ ಮಾತ್ರ ಇದ್ದಲ್ಲೇ ಇತ್ತು. ಮಾನಿಟರಿನಿಂದ ಚಿತ್ರ ಬದಲಾಗುವ ಅಂತರ 16.7 ಮಿಲಿಸೆಕೆಂಡಿನಿಂದ 6.9ಕ್ಕೆ ಇಳಿದು, ಓದುವುದು ನಿಜಕ್ಕೂ ಸಲೀಸಾಯಿತು. ಕೊಟ್ಟ ಹಣಕ್ಕೆ ಹೆಚ್ಚು ಫಲ ಸಿಕ್ಕಿದ್ದು ಆರುನೂರು ರೂಪಾಯಿಯ ತಂತಿಯ ಇಯರ್‌ಫೋನಿನಿಂದ. ಬ್ಲೂಟೂತ್ ಇರುವವರೆಗೆ ಆಫ್‌ಸೆಟ್ (ಸದ್ದಿಗೂ ನೋಟ್‌ಗೂ ನಡುವಿನ ಸಮಯದ ಹೊಂದಾಣಿಕೆ) ಒಂದು ಕಡೆ ನಿಲ್ಲುತ್ತಿರಲಿಲ್ಲ.

ದಾರಿ ತೆರೆದದ್ದು ಚಾರ್ಟನ್ನು ಎಡಬಲ ತಿರುಗಿಸುವ ಮಿರರ್ ಮಾಡ್. ಒಂದು ಚಾರ್ಟನ್ನು ಮೊದಲು ಇದ್ದಂತೆ, ಆಮೇಲೆ ಮಿರರ್ ಹಾಕಿ ಆಡಬೇಕು. ಹಾಡಿನ ಅದೇ ಜಾಗದಲ್ಲಿ ಎರಡು ಸಲವೂ ಮಿಸ್ ಬಂದರೆ ಅದು ಬಹುಮಟ್ಟಿಗೆ ಕಣ್ಣಿನ ತಪ್ಪು. ಮಿರರ್‌ನಲ್ಲಿ ಆ ಜಾಗ ಸ್ವಚ್ಛವಾಗಿ ಬಂದರೆ ಒಂದು ಕೈ ಇನ್ನೊಂದಕ್ಕಿಂತ ಹಿಂದಿದೆ ಎಂದರ್ಥ. ನನ್ನ ವಿಷಯದಲ್ಲಿ ಮುಕ್ಕಾಲು ಪಾಲು ಕಣ್ಣಿನದಾಗಿತ್ತು, ಉಳಿದದ್ದು ಡಿ-ಎಫ್ ಕೀಗಳ ಮೇಲಿನ ಎಡಗೈ ಟ್ರಿಲ್, ಅಂದರೆ ಎರಡು ಕೀಗಳನ್ನು ಒಂದಾದ ಮೇಲೊಂದು ಒತ್ತುವುದು. ಇಷ್ಟು ಕಾಲ ಎರಡಕ್ಕೂ ಒಂದೇ ಮದ್ದು ನಡೆದಿತ್ತು.

ಕಣ್ಣಿಗಾಗಿ ಎಟರ್ನಾ ಎಂಬ ರಿದಮ್ ಗೇಮ್‌ಗೆ ಬಂದೆ. ಇಂಥದೇ ಆಟವಾದ ಓಸು ಮೇನಿಯಾದ ಹಳೆಯ (ಸ್ಟೇಬಲ್) ಆವೃತ್ತಿಯಲ್ಲಿ ಹಾಫ್ ಟೈಮ್ ಹಾಡಿನ ವೇಗವನ್ನು ಒಮ್ಮೆಲೇ 0.75ಕ್ಕೆ ಇಳಿಸಿ 180ನ್ನು 135 ಮಾಡಿಬಿಡುತ್ತದೆ, ಇಲ್ಲಿ ಆ ವೇಗವನ್ನು, ಅಂದರೆ ರೇಟ್ ಅನ್ನು, 0.8, 0.85, 0.9 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಬಹುದು. ಆದರೆ ರೇಟ್ ಇಳಿಸಿ ಸಿ-ಮಾಡ್ ಅನ್ನು (ನೋಟ್‌ಗಳು ಪರದೆಯಲ್ಲಿ ಇಳಿಯುವ ವೇಗದ ಸೆಟ್ಟಿಂಗ್) ಹಾಗೆಯೇ ಬಿಟ್ಟರೆ ನೋಟ್‌ಗಳ ನಡುವಿನ ಅಂತರ ಹಿಗ್ಗಿ, ಕಣ್ಣು ಕಲಿಯುವುದು ಬೇರೆಯೇ ಒಂದು ಚಿತ್ರವನ್ನು. ಅದಕ್ಕಾಗಿ ಪೂರ್ಣ ವೇಗದಲ್ಲಿ 800 ಇಡುವ ನಾನು 0.8ರಲ್ಲಿ 640 ಇಟ್ಟೆ. ಪರದೆಯ ಮೇಲಿನ ಆಕಾರ ಕೂದಲೆಳೆಯಷ್ಟೂ ಬದಲಾಗದೆ ನಿಧಾನವಾಗಿ ಮಾತ್ರ ಇಳಿಯಿತು. ಶೇ. 97 ಬಾರದೆ ರೇಟ್ ಏರಿಸಲಿಲ್ಲ. ಹೀಗೆ ಮಾಡಿದವರನ್ನು ನಮ್ಮ ಗುಂಪಿನಲ್ಲಿ ನಾನು ಕಂಡಿಲ್ಲ, ಮತ್ತು ಫಲಿತಾಂಶ ಎಲ್ಲರ ಕಣ್ಣೆದುರಿಗಿದೆ.

ಬೆರಳಿಗಾಗಿ ಮಾಡಿದ ಪ್ರಯೋಗಗಳಲ್ಲಿ ಏಳು ಕೀಗಳ 7ಕೆ ಒಂದು. ಉಂಗುರಬೆರಳು ಪಳಗಿದರೆ ನಡುಬೆರಳು ಸ್ವತಂತ್ರವಾದೀತೆಂಬ ಆಸೆಯಿತ್ತು. ಉಂಗುರಬೆರಳು ಪಳಗಿತು, 4ಕೆಗೆ ಅದರಿಂದ ಬಂದದ್ದು ಅಲ್ಪ. ಇನ್ನೊಂದು, ಮೃದಂಗದ ಪಾಠದಲ್ಲಿ ಕಲಿತ ಸೊಲ್ಲುಕಟ್ಟು. 16ನೆಯ ನೋಟ್‌ಗಳಿಗೆ (ಬೀಟಿಗೆ ನಾಲ್ಕು) ತಕಧಿಮಿ, 12ನೆಯವಕ್ಕೆ (ಬೀಟಿಗೆ ಮೂರು) ತಕಿಟ, 24ನೆಯವಕ್ಕೆ ಒಂದೇ ಬೀಟಿನಲ್ಲಿ ಎರಡು ತಕಿಟ. 180ರಲ್ಲಿ ಸೆಕೆಂಡಿಗೆ ಹನ್ನೆರಡು ಅಕ್ಷರ ಬಾಯಿಗೆ ಬರುವುದಿಲ್ಲವಾದ್ದರಿಂದ ಆಟದ ಹೊರಗೆ, ಅರ್ಧ ವೇಗದಲ್ಲಿ ಹೇಳಿಕೊಂಡು ಮೇಜಿನ ಮೇಲೆ ಬಡಿಯುತ್ತಿದ್ದೆ. ಚತುರಶ್ರದಿಂದ (ನಾಲ್ಕರ ಲಯ) ತಿಸ್ರಕ್ಕೆ (ಮೂರರ ಲಯ) ಹೊರಳುವ ಬರ್ಸ್ಟ್‌ಗಳಲ್ಲಿ, ಅಂದರೆ ಚಿಕ್ಕ ವೇಗದ ಸಾಲುಗಳಲ್ಲಿ, ಲೆಕ್ಕವಿಲ್ಲದೆ ಕೀಗಳನ್ನು ಬಡಿದು ಮ್ಯಾಶ್ ಮಾಡುವ ಚಟ ಇದರಿಂದಲೇ ಬಿಟ್ಟಿತು.

ಎಡಗೈ ಟ್ರಿಲ್ ಸರಿಹೋದದ್ದು ಬೇರೊಂದು ವಾರ್ಮ್‌ಅಪ್‌ನಿಂದ. ಮುಂದಿನ ಟೂರ್ನಮೆಂಟ್ ಮುಗಿಯುವವರೆಗೆ ಅದರ ಕ್ರಮವನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಈಗ ಇದೇ ವಿಧಾನವನ್ನು ಕಾರ್ಡ್‌ಜ್ಯಾಕ್‌ಗೆ (ಹಲವು ಕೀಗಳನ್ನು ಒಟ್ಟಿಗೆ, ಬೆನ್ನುಬೆನ್ನಿಗೆ ಒತ್ತುವುದು) ಹಚ್ಚಿದ್ದೇನೆ. ಅಲ್ಲಿ ಮಿರರ್ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ಉತ್ತರ ಕೊಡುತ್ತಿಲ್ಲ, ಏಕೆಂದರೆ ಕಣ್ಣು, ಬೆರಳು ಎರಡಕ್ಕೂ ಮೊದಲು ಮಣಿಕಟ್ಟು ಸೋಲುತ್ತದೆ.